ಗುತ್ತಿಗೆ ಜಾಗ ನೋಡಲು ಹೋದಾಗ ನಾನು ಯಾರನ್ನು ಕೇಳುತ್ತೇನೆ

ಕಂದಾಯ ಇಲಾಖೆಯಲ್ಲಿ ನನ್ನ ಸರ್ವಿಸು ಹೆಚ್ಚು ಕಳೆದದ್ದು ಕೊಡಗಿನಲ್ಲೇ. ಸರ್ಕಾರಿ ಜಾಗವನ್ನು ತೋಟಕ್ಕೆ ಗುತ್ತಿಗೆ ಕೊಡುವ ಕಡತ ಬಂದರೆ ಸ್ಥಳಕ್ಕೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಎಷ್ಟು ವರ್ಷ, ಎಕರೆಗೆ ಎಷ್ಟು ಬಾಡಿಗೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಒಂದು ಗುತ್ತಿಗೆ ನೆಟ್ಟಗಿರುತ್ತದೋ ಇಲ್ಲವೋ ಅನ್ನುವುದು ಆ ಷರತ್ತು ಬರೆಯುವ ಮುಂಚೆಯೇ, ಮಹಜರಿನ ದಿನವೇ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದು ಸಹಿ ಹಾಕಿಸುವ ದಿನವೇ ಗೊತ್ತಾಗುತ್ತದೆ.

ಈಗಿನ ಕಾನೂನು ಸರಳ. 1964ರ ಭೂ ಕಂದಾಯ ಕಾಯ್ದೆಗೆ ಇತ್ತೀಚೆಗೆ ಒಂದು ತಿದ್ದುಪಡಿ ಬಂತು. 2005ರ ಜನವರಿ 1ಕ್ಕಿಂತ ಮುಂಚೆಯೇ ಸರ್ಕಾರಿ ಜಾಗದಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್ ತರದ ತೋಟ ಮಾಡಿಕೊಂಡವರಿಗೆ ಗರಿಷ್ಠ 25 ಎಕರೆ, ಗರಿಷ್ಠ 30 ವರ್ಷ ಗುತ್ತಿಗೆ ಕೊಡಬಹುದು. 1961ರ ಭೂ ಸುಧಾರಣಾ ಕಾಯ್ದೆಯ ಹಿಡುವಳಿ ಮಿತಿ ಕಾಫಿ ತೋಟಕ್ಕೆ ಅನ್ವಯವಾಗುವುದಿಲ್ಲ. ಹಾಗಾಗಿ ಸ್ವಂತ ಹಿಡುವಳಿ ದೊಡ್ಡದಿದ್ದವರ ಬೇಲಿಯೂ ಪೈಸಾರಿಯೊಳಕ್ಕೆ (ಕೊಡಗಿನಲ್ಲಿ ಸರ್ಕಾರಿ ಜಾಗಕ್ಕೆ ಹಾಗನ್ನುತ್ತಾರೆ) ಬಂದಿರುತ್ತದೆ.

ಮೊದಲು ಕಾಗದ. ಸರ್ವೆ ನಂಬರಿನ ವಿಸ್ತೀರ್ಣ ಇರುವ ಆಕಾರ್‌ಬಂದ್, ಅಳತೆಯ ಟಿಪ್ಪಣಿ, ಗ್ರಾಮ ನಕ್ಷೆ, ಹಳೇ ಪಹಣಿಯ ಬೆಳೆ ಕಾಲಂ. ಕೊಡಗಿನ ದಾಖಲೆ ಬೇರೆ ಜಿಲ್ಲೆಯಂತಲ್ಲ. ಜಮ್ಮಾ (ವಂಶಪಾರಂಪರ್ಯದ ಹಿಡುವಳಿ), ಬಾಣೆ (ಗದ್ದೆಗೆ ಸೇರಿಸಿ ಕೊಟ್ಟ ಕಾಡು ಜಾಗ), ಸಾಗು (ಪೂರ್ತಿ ಕಂದಾಯದ ಜಮೀನು), ಪೈಸಾರಿ, ದೇವರಕಾಡು (ದೇವರ ಹೆಸರಿನಲ್ಲಿ ಕಾಪಾಡಿದ ಕಾಡು) ಎಲ್ಲ ಒಂದರ ಪಕ್ಕ ಒಂದು ಇರುತ್ತವೆ. ತೀರಿಹೋದ ಪಟ್ಟೆದಾರರ ಹೆಸರು ಪಹಣಿಯಲ್ಲಿ ಹಾಗೇ ಉಳಿದಿರುತ್ತದೆ. ಬಾಣೆ ಯಾವ ಗದ್ದೆಗೆ ಸೇರಿದ್ದು, ಅದು ಎಲ್ಲಿಗೆ ಮುಗಿದು ಪೈಸಾರಿ ಎಲ್ಲಿ ಶುರು ಅಂತ ಕಚೇರಿಯಲ್ಲೇ ಗುರುತು ಮಾಡಿಕೊಳ್ಳದೆ ಹೋದರೆ, ತೋಟದ ಮಧ್ಯೆ ನಿಂತಾಗ ಏನೂ ತಿಳಿಯುವುದಿಲ್ಲ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ, ಒಳ್ಳೆಯದೇ. ಆದರೆ ಅದು ದಾರಿ ತೋರಿಸುವುದಕ್ಕೆ ಮಾತ್ರ. ಗಡಿಯ ಬಾಂದು ಕಲ್ಲು ಹುಡುಕಲೇಬೇಕು, ಅಳೆದು ಗಡಿ ಗುರುತಿಸುವ ಹದ್ದುಬಸ್ತು ಮಾಡಲೇಬೇಕು.

2005ಕ್ಕೆ ಮುಂಚಿನ ತೋಟ ಹೌದೋ ಅಲ್ಲವೋ ಅಂತ ಕಾಫಿ ಗಿಡ ನೋಡಿ ಹೇಳುವುದು ಕಷ್ಟ. ಕಸಿ ಮಾಡುತ್ತಾ, ಅಂದರೆ ರೆಂಬೆ ಸವರುತ್ತಾ ಹೋದರೆ ಗಿಡದ ಮೇಲ್ಭಾಗ ಎಳೆಯದಾಗಿಯೇ ಕಾಣುತ್ತದೆ. ನಾನು ಬುಡದ ದಪ್ಪ ನೋಡುತ್ತೇನೆ, ನೆರಳಿಗೆ ನೆಟ್ಟ ಸಿಲ್ವರ್ ಓಕ್ ನೋಡುತ್ತೇನೆ. ಆಮೇಲೆ ಹಳೆಯ ಉಪಗ್ರಹ ಚಿತ್ರ ಸಿಕ್ಕರೆ ಅದರ ಜೊತೆ ಹೋಲಿಸುತ್ತೇನೆ.

25 ಎಕರೆ ಅಂದರೆ ದೊಡ್ಡ ಗುತ್ತಿಗೆಯೇ ಅಲ್ಲ ಅನ್ನಬಹುದು. ಆದರೆ ಒಂದೇ ಗುಡ್ಡದ ಮೇಲೆ ನಾಲ್ಕಾರು ಹೆಸರಿನಲ್ಲಿ ಅರ್ಜಿ ಬಂದರೆ? ಕಡತದಲ್ಲಿ ಬೇರೆ ಬೇರೆ, ನೆಲದ ಮೇಲೆ ಬೇಲಿ ಒಂದೇ. ಇದು ಆಧಾರ್ ಕಾರ್ಡ್ ನೋಡಿದರೆ ಗೊತ್ತಾಗುವುದಿಲ್ಲ. ಕಾಫಿ ಒಣಗಿಸುವ ಕಣ ಎಷ್ಟಿವೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಾರದ್ದು, ಆಳುಗಳ ಹಾಜರಿ ಪುಸ್ತಕ ಚೆಕ್‌ರೋಲ್ ಎಷ್ಟಿವೆ, ಶನಿವಾರದ ಬಟವಾಡೆ ಯಾರ ಕೈಯಿಂದ ಅಂತ ವಿಚಾರಿಸುತ್ತೇನೆ. ತೋಟದ ಲೆಕ್ಕ ನೋಡುವ ರೈಟರ್ ಒಬ್ಬನೇ ಎಲ್ಲಾ ಬ್ಲಾಕಿಗೂ ಹಾಜರಿ ಹಾಕುತ್ತಿದ್ದರೆ ಅದು ಒಂದೇ ತೋಟ. ವರದಿಯಲ್ಲಿ ಹಾಗೇ ಬರೆಯುತ್ತೇನೆ.

ಇದನ್ನೆಲ್ಲ ಹೇಳುವವರು ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕಾರ್ಮಿಕರು. ಅವರನ್ನು ಮಾತಾಡಿಸುವುದಕ್ಕೂ ಒಂದು ಸಮಯ ಇದೆ. ಮಹಜರಿಗೆ ಸಹಿ ಹಾಕಲು ಅರ್ಜಿದಾರರೇ ಜನರನ್ನು ನಿಲ್ಲಿಸಿರುತ್ತಾರೆ. ಹಾಗೆ ನಿಂತವರಲ್ಲಿ ಅರ್ಧ ಜನ ಆ ಅರ್ಜಿದಾರರ ಹತ್ತಿರವೇ ಅಡ್ವಾನ್ಸ್ ತಗೊಂಡವರು. ಅರ್ಜಿದಾರರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಸಂತೆ ದಿನ ಬೆಳಿಗ್ಗೆ, ಲೈನ್ ಮನೆಯವರು ಸಂತೆಗೆ ಹೊರಡುವ ಮುಂಚೆ, ಅಂಗನವಾಡಿ ಹತ್ತಿರ ಹೋಗಿ ಕೂರುತ್ತೇನೆ. ಜೀಪು ದೂರ ನಿಲ್ಲಿಸುತ್ತೇನೆ.

ವಿರಾಜಪೇಟೆ ಕಡೆ ಒಂದು ಜಾಗದಲ್ಲಿ ಹೀಗೇ ಕೂತಿದ್ದೆ. ಕಡತದಲ್ಲಿ ಪೂರ್ತಿ ಕಾಫಿ ಅಂತಿತ್ತು. ಎರವ ಬುಡಕಟ್ಟಿನ ಅಜ್ಜಿಯೊಬ್ಬರು ಹತ್ತಿರ ಬಂದರು.

'ಮೇಲಿನ ಮೂಲೆಗೂ ಕಲ್ಲು ಹಾಕ್ತೀರಾ ಸ್ವಾಮಿ?'

'ಅಲ್ಲೇನಿದೆ ಅಜ್ಜಿ?'

'ನಮ್ಮವರನ್ನೆಲ್ಲ ಹೂತದ್ದು ಅಲ್ಲೇ. ನನ್ನ ಗಂಡನನ್ನೂ.'

ಅವರ ಜೊತೆಯೇ ಹತ್ತಿ ಹೋದೆ. ಲಂಟಾನದ ಪೊದೆಯ ಒಳಗೆ ಸಾಲಾಗಿ ಕಲ್ಲುಗಳಿದ್ದವು. ಯಾವ ನಕ್ಷೆಯಲ್ಲೂ ಆ ಜಾಗ ಇರಲಿಲ್ಲ. ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಸೇರಿಸಿ ಅಳೆದು, ಸ್ಕೆಚ್ಚಿನಲ್ಲಿ ಬೇರೆ ತೋರಿಸಿ, ಗುತ್ತಿಗೆ ವಿಸ್ತೀರ್ಣದಿಂದ ಕಳೆಯಬೇಕು ಅಂತ ಬರೆದೆ. ಅರ್ಜಿದಾರರು ಬೇಸರ ಮಾಡಿಕೊಂಡರು. ಆದರೆ ಆ ಅಜ್ಜಿಯ ಹತ್ತಿರ ಪಹಣಿ ಇಲ್ಲ ಅನ್ನುವ ಕಾರಣಕ್ಕೆ ಅವರ ಹಕ್ಕು ಇಲ್ಲವಾಗುವುದಿಲ್ಲ, ಅಲ್ವಾ? ಅರಣ್ಯದ ಜಾಗವಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಯಲ್ಲಿ ಹೇಳಿಕೊಳ್ಳಲು ದಾರಿ ಇದೆ. ಪೈಸಾರಿಯಲ್ಲಿ ಅವರ ಮಾತು ದಾಖಲೆಗೆ ಬರುವುದು ಮಹಜರಿನಿಂದಲೇ.

ಇದು ಬರೀ ಕೊಡಗಿನ ಕಥೆ ಅಲ್ಲ. ಇಥಿಯೋಪಿಯಾದ ಗ್ಯಾಂಬೆಲ್ಲಾದಲ್ಲಿ ಬೆಂಗಳೂರಿನದೇ ಒಂದು ಹೂವಿನ ಕಂಪನಿಗೆ ಒಂದು ಲಕ್ಷ ಹೆಕ್ಟೇರ್ ಗುತ್ತಿಗೆ ಸಿಕ್ಕಿತ್ತು, 50 ವರ್ಷಕ್ಕೆ. 2011ರಲ್ಲಿ ಬಾರೋ ನದಿಯ ನೆರೆ ಬಂದು ಮೆಕ್ಕೆಜೋಳದ ಬೆಳೆ ಮುಳುಗಿತು. ಸಾಗುವಳಿ ಆದದ್ದು ಸಣ್ಣ ಭಾಗ ಮಾತ್ರ. 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಓದಿದಾಗ ನನಗೆ ಅನಿಸಿದ್ದು ಇಷ್ಟೇ: ನೀರು ಎಲ್ಲಿಯವರೆಗೆ ಏರುತ್ತದೆ ಅಂತ ಆ ನದಿ ದಡದಲ್ಲಿ ಬದುಕುವ ಜನಕ್ಕೆ ಗೊತ್ತೇ ಇರುತ್ತದೆ. ಭೂಮಿಯ ಹಕ್ಕು, ಹಿಡುವಳಿ ಬಗ್ಗೆ 2012ರಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಭದ್ರತಾ ಸಮಿತಿ ಒಪ್ಪಿದ ಮಾರ್ಗಸೂಚಿಯೂ ಅಲ್ಲಿರುವ ಜನರನ್ನು ಮೊದಲು ಕೇಳಿ ಅನ್ನುತ್ತದೆ.

ಮಹಜರಿನಲ್ಲಿ ಮರಗಳ ಲೆಕ್ಕ ಬಿಡಬೇಡಿ ಅಂತ ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಬೀಟೆ, ನಂದಿ, ಹೊನ್ನೆ ಎಷ್ಟಿವೆ, ಸುತ್ತಳತೆ ಎಷ್ಟು, ಎಲ್ಲ ಬರೆಯಬೇಕು. ಸುಮ್ನೆ 'ಕಾಡು ಮರಗಳಿವೆ' ಅಂತ ಬರೆದರೆ ಆಮೇಲೆ ಮರ ಹೋದರೂ ಕೇಳುವ ಹಾಗಿಲ್ಲ. ತೋಡು (ಸಣ್ಣ ಹಳ್ಳ), ಕೆರೆ, ದೇವರಕಾಡಿನ ಗಡಿ ಕೂಡ ಹಾಗೇ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿ ಬಹಳ ಕಡೆ ಅವುಗಳ ಅಂಚಿನಿಂದಲೇ ಒಳಗೆ ಬಂದಿದೆ.

ಬರೆದದ್ದನ್ನು ಅಲ್ಲೇ, ಎಲ್ಲರೆದುರು, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ತಗೊಳ್ಳುತ್ತೇನೆ. ಯಾರಾದರೂ ತಕರಾರು ಹೇಳಿದರೆ ಅದನ್ನೂ ಅವರ ಮಾತಿನಲ್ಲೇ ಸೇರಿಸುತ್ತೇನೆ. ಸ್ಕೆಚ್ಚಿನ ಒಂದು ಪ್ರತಿ ಪಂಚಾಯಿತಿಗೆ ಕೊಡುತ್ತೇನೆ. 30 ವರ್ಷದಲ್ಲಿ ಅಧಿಕಾರಿಗಳು ಎಷ್ಟೋ ಸಲ ಬದಲಾಗುತ್ತಾರೆ. ಬೇಲಿ ಸರಿದರೆ ಊರಿನವರೇ ಆ ಸ್ಕೆಚ್ ತೆಗೆದು ತಹಶೀಲ್ದಾರರ ಕಚೇರಿಗೆ ಬರಬಹುದು.