ಹಳೇ ಪಿಕಪ್‌ಗೆ ಸಿಂಥೆಟಿಕ್ ಆಯಿಲ್: ನಾನು ಆರಿಸಿದ ಬಗೆ

ನಮ್ಮ ಪಿಕಪ್ 2009ರ ಮಾಡೆಲ್. 2.5 ಲೀಟರಿನ ಟರ್ಬೊ ಡೀಸೆಲ್ ಎಂಜಿನ್. ಅಪ್ಪ ತೆಗೆದುಕೊಂಡ ಗಾಡಿ, ಈಗ ನನ್ನ ಕೈಯಲ್ಲಿದೆ. ಮೀಟರ್ 2,40,000 ಕಿಲೋಮೀಟರ್ ದಾಟಿದೆ. ಮೂಡಿಗೆರೆ ಹತ್ತಿರ ನಮ್ಮ ತೋಟ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆ ಹೇರಿಕೊಂಡು ಚಿಕ್ಕಮಗಳೂರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬೆಳ್ತಂಗಡಿ ಕಡೆಯಿಂದ ಕೆಂಪುಕಲ್ಲು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತದೆ. ಲೋಡ್ ಹಾಕಿಕೊಂಡು ಸೆಕೆಂಡ್ ಗೇರ್‌ನಲ್ಲೇ ಆ ತಿರುವುಗಳನ್ನು ಹತ್ತಿದವರಿಗೆ ಎಂಜಿನ್ ಎಷ್ಟು ಕಾಯುತ್ತದೆ ಅಂತ ಗೊತ್ತು.

ಮೂರು ವರ್ಷದ ಹಿಂದೆ ಗಾಡಿ ಎಂಜಿನ್ ಆಯಿಲ್ ಕುಡಿಯಲು ಶುರು ಮಾಡಿತು. ಘಾಟಿ ಹತ್ತಿ ಬಂದ ಮಾರನೇ ದಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದರೆ ಮಟ್ಟ ಇಳಿದಿರುತ್ತಿತ್ತು. ಸಿಂಥೆಟಿಕ್ ಹಾಕಿದರೆ ಸರಿ ಹೋಗುತ್ತದೆ ಅಂತ ಕೆಲವರು ಹೇಳಿದರು. ನಮ್ಮ ಮೆಕ್ಯಾನಿಕ್ ಅಣ್ಣ ಮಾತ್ರ ಬೇಡವೇ ಬೇಡ ಅಂದರು. “ಗೌಡ್ರೇ, ಹಳೇ ಗಾಡಿಗೆ ಸಿಂಥೆಟಿಕ್ ಹಾಕ್ಬೇಡಿ. ನೀರಿನ ಥರ ಇರುತ್ತೆ, ಎಲ್ಲಾ ಕಡೆ ಸೋರೋಕೆ ಶುರುವಾಗುತ್ತೆ.”

ನಾನು ಅವರ ಮಾತು ಕೇಳಲಿಲ್ಲ. ಅಂಗಡಿಗೆ ಹೋಗಿ “ಒಳ್ಳೇ ಫುಲ್ ಸಿಂಥೆಟಿಕ್ ಕೊಡಿ” ಅಂದೆ. ಯಾವ ಗಾಡಿಗೆ ಅಂತ ನಾನೂ ಹೇಳಲಿಲ್ಲ. ಸಿಕ್ಕಿದ್ದು 5ಡಬ್ಲ್ಯೂ-30 ಅನ್ನುವ ತೆಳು ಗ್ರೇಡ್, ಈಗಿನ ಕಾರುಗಳಿಗೆ ಹಾಕುವ ಆಯಿಲ್. ಕೆಲವೇ ಟ್ರಿಪ್ ಆಗಿರಬೇಕು, ಒಂದು ಮಧ್ಯಾಹ್ನ ಕಲ್ಲಿನ ಲೋಡ್ ಹತ್ತಿಸಿ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿದೆ. ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ದೀಪ ಮಿಣಮಿಣ ಅಂದಿತು. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಮಟ್ಟ ಸರಿಯಾಗಿಯೇ ಇತ್ತು. ಅಂದರೆ ಆಯಿಲ್ ಕಡಿಮೆಯಾಗಿರಲಿಲ್ಲ, ಸವೆದ ಬೇರಿಂಗುಗಳಿಗೆ ಅದು ತೆಳುವಾಗಿತ್ತು. ಆ ದೀಪ ನೋಡಿ ನನಗೆ ನಿಜಕ್ಕೂ ಭಯವಾಯಿತು. ಕಲ್ಲು ಇಳಿಸಿ, ಖಾಲಿ ಗಾಡಿಯನ್ನು ನಿಧಾನವಾಗಿ ಮನೆಗೆ ತಂದು, ಅದೇ ಸಂಜೆ ಎಲ್ಲಾ ಆಯಿಲ್ ಬಸಿದೆ. ಮತ್ತೆ ಹಳೇ 15ಡಬ್ಲ್ಯೂ-40 ಮಿನರಲ್ (ಸಾದಾ) ಆಯಿಲನ್ನೇ ಹಾಕಿದೆ.

ಡಬ್ಬಿಯ ಹಿಂಭಾಗ ಓದುವುದನ್ನು ನಾನು ಕಲಿತದ್ದು ಅದಾದ ಮೇಲೆ. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವ ‘ಸಿಂಥೆಟಿಕ್’ ಅನ್ನುವ ಪದ, ಆಯಿಲ್ ಯಾವುದರಿಂದ ಮಾಡಿದ್ದು ಅಂತ ಮಾತ್ರ ಹೇಳುತ್ತದೆ. ಅದೂ ಪೂರ್ತಿಯಾಗಿ ಹೇಳುವುದಿಲ್ಲ. ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಹೆಚ್ಚಿನ ಒತ್ತಡದಲ್ಲಿ ಸಂಸ್ಕರಿಸಿದ ಗ್ರೂಪ್ 3 ಎಣ್ಣೆಯನ್ನೂ ಸಿಂಥೆಟಿಕ್ ಅಂತಲೇ ಮಾರುತ್ತಾರೆ. ಕಾರ್ಖಾನೆಯಲ್ಲಿ ರಾಸಾಯನಿಕ ಕ್ರಿಯೆಯಿಂದ ಕಟ್ಟಿದ ಗ್ರೂಪ್ 4 ಎಣ್ಣೆಗೂ ಅದೇ ಹೆಸರು. ‘ಸೆಮಿ ಸಿಂಥೆಟಿಕ್’ ಅಂದರೆ ಎಷ್ಟು ಪಾಲು ಅಂತ ನಾನು ನೋಡಿದ ಯಾವ ಡಬ್ಬಿಯ ಮೇಲೂ ಇರಲಿಲ್ಲ.

ಇನ್ನು ನಂಬರ್. 15ಡಬ್ಲ್ಯೂ, 5ಡಬ್ಲ್ಯೂ ಅನ್ನುವುದು ಚಳಿಯ ಲೆಕ್ಕ. 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 5ಡಬ್ಲ್ಯೂ ಆಯಿಲನ್ನು ಮೈನಸ್ 30ರಲ್ಲಿ. ನಮ್ಮಲ್ಲಿ ಜನವರಿ ಬೆಳಗಿನ ಜಾವ ಎಷ್ಟೇ ಚಳಿ ಅಂದರೂ ಸೊನ್ನೆಯ ಹತ್ತಿರಕ್ಕೂ ಹೋಗುವುದಿಲ್ಲ ಅಲ್ವಾ? ಹಾಗಾಗಿ ಮಲೆನಾಡಿನಲ್ಲಿ ಗಾಡಿ ಓಡಿಸುವವರು ಆ ಮೊದಲ ಅಂಕಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ನಮಗೆ ಬೇಕಾದ್ದು ಎರಡನೇ ಅಂಕಿ. ಎಂಜಿನ್ ಕಾದು 100 ಡಿಗ್ರಿಯಲ್ಲಿದ್ದಾಗ 40 ಗ್ರೇಡ್ ಆಯಿಲಿನ ದಪ್ಪ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 30 ಗ್ರೇಡ್‌ನದು 9.3ರಿಂದ 12.5. ಕೊಟ್ಟಿಗೆಹಾರದಲ್ಲಿ ದೀಪ ಮಿಣುಕಿದ್ದು ಈ ಅಂತರಕ್ಕೆ. ಅಂದರೆ 5ಡಬ್ಲ್ಯೂ-40 ಸಿಂಥೆಟಿಕ್ ಕೂಡ ಬಿಸಿ ಎಂಜಿನ್‌ನಲ್ಲಿ 15ಡಬ್ಲ್ಯೂ-40 ಇರುವ ಸಾಲಿನಲ್ಲೇ ಇರುತ್ತದೆ. ‘ನೀರಿನ ಥರ’ ಅನ್ನುವುದು ತಣ್ಣಗಿದ್ದಾಗ ಡಬ್ಬಿಯಿಂದ ಸುರಿಯುವಾಗ ಕಾಣುವ ನೋಟ ಅಷ್ಟೇ.

ಆದರೂ ಒಂದು ಸಣ್ಣ ವ್ಯತ್ಯಾಸ ಇದೆ. ಲೋಡ್ ಎಳೆಯುವವರು ಇದನ್ನು ಗಮನಿಸಲೇಬೇಕು. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ಒಳಗಿನ ಹಾಗೆ ಅರೆಯುವಾಗ ಆಯಿಲ್ ಪದರ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಎಚ್‌ಟಿಎಚ್‌ಎಸ್ ಅನ್ನುವ ಅಳತೆ ಇದೆ. 15ಡಬ್ಲ್ಯೂ-40ಗೆ ಅದು ಕನಿಷ್ಠ 3.7 ಇರಬೇಕು. 5ಡಬ್ಲ್ಯೂ-40ಗೆ 3.5 ಇದ್ದರೂ ಸಾಕು. 30 ಗ್ರೇಡ್‌ಗೆ 2.9 ಸಾಕು. ಇದನ್ನು ಡಬ್ಬಿ ಮೇಲೆ ಹಾಕುವುದಿಲ್ಲ. ಕಂಪನಿಯ ಡೇಟಾ ಶೀಟಿನಲ್ಲಿ ಹುಡುಕಬೇಕು. ಒಂದು ಸಂಜೆ ಕೂತು ನಾಲ್ಕೈದು ಡೇಟಾ ಶೀಟ್ ಮೊಬೈಲ್‌ನಲ್ಲಿ ಇಳಿಸಿಕೊಂಡು ಓದಿದೆ. 3.7ಕ್ಕಿಂತ ಕೆಳಗಿದ್ದವನ್ನೆಲ್ಲ ಬಿಟ್ಟೆ.

ಆಮೇಲೆ ಎಪಿಐ ಅಕ್ಷರಗಳು, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುವ ಆಯಿಲ್ ದರ್ಜೆ. ‘ಎಸ್’ ಅಂದರೆ ಪೆಟ್ರೋಲ್, ‘ಸಿ’ ಅಂದರೆ ಡೀಸೆಲ್. ನಮ್ಮ ಮ್ಯಾನ್ಯುಯಲ್ ಸಿಎಚ್-4 ಕೇಳುತ್ತದೆ. ಅದು 1998ರ ದರ್ಜೆ. 2002ರಲ್ಲಿ ಸಿಐ-4 ಬಂತು, 2016ರ ಕೊನೆಗೆ ಸಿಕೆ-4. ಹೊಸದು ಹಳೆಯದರ ಜಾಗಕ್ಕೆ ನಡೆಯುತ್ತದೆ. ಆದರೆ ಸಿಕೆ-4 ಜೊತೆಗೇ ಎಫ್‌ಎ-4 ಅಂತ ಇನ್ನೊಂದು ಬಂತು. ಅದು ತೆಳು ಆಯಿಲ್, ಹೊಸ ಎಂಜಿನ್‌ಗಳಿಗೆ ಮಾತ್ರ. ಹಳೇ ಗಾಡಿಗೆ ಅದನ್ನು ಹಾಕಲೇಬಾರದು. ನನಗೊಂದು ಅನುಮಾನ ಇತ್ತು: ಸಿಕೆ-4 ಆಯಿಲ್ ಮಾಡಿರುವುದು ಗಂಧಕ ಕಡಿಮೆ ಇರುವ ಡೀಸೆಲ್‌ಗೆ, ನಮ್ಮದು ಹಳೇ ಗಾಡಿ. ಆದರೆ ಗಾಡಿ ಹಳೆಯದಾದರೂ ಡೀಸೆಲ್ ಹಳೆಯದಲ್ಲ. ಬಿಎಸ್-3 (ಭಾರತ್ ಸ್ಟೇಜ್, ಸರ್ಕಾರದ ಮಾಲಿನ್ಯ ಮಾನದಂಡ) ಡೀಸೆಲ್‌ನಲ್ಲಿ 350 ಪಿಪಿಎಂ (ಹತ್ತು ಲಕ್ಷದಲ್ಲಿ 350 ಪಾಲು) ತನಕ ಗಂಧಕ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ಬಂಕ್‌ಗಳಲ್ಲಿ ಸಿಗುವುದು ಬಿಎಸ್-6, ಅದರಲ್ಲಿ 10 ಪಿಪಿಎಂ ಮಾತ್ರ. ಅನುಮಾನ ತೀರಿತು.

ಇಷ್ಟೆಲ್ಲ ಓದಿದ ಮೇಲೂ ಆಯಿಲ್ ತರಲಿಲ್ಲ. ಸೋರುತ್ತದೆ ಅಂತ ಮೆಕ್ಯಾನಿಕ್ ಅಣ್ಣ ಹೇಳಿದ್ದರಲ್ಲಿ ಸತ್ಯ ಇತ್ತು. ವರ್ಷಗಟ್ಟಲೆ ಬಿಸಿ ಕಂಡ ರಬ್ಬರ್ ಸೀಲ್ ಗಟ್ಟಿಯಾಗಿರುತ್ತದೆ. ಅದರ ಸುತ್ತ ಕೂತ ಕಪ್ಪು ಜಿಡ್ಡೇ ಎಷ್ಟೋ ಕಡೆ ಸೋರಿಕೆ ತಡೆದಿರುತ್ತದೆ. ತೊಳೆಯುವ ಗುಣ ಜಾಸ್ತಿ ಇರುವ ಆಯಿಲ್ ಆ ಜಿಡ್ಡನ್ನು ಬಿಡಿಸಿದಾಗ ಒಳಗಿನ ಹುಳುಕು ಹೊರಗೆ ಬರುತ್ತದೆ. ತಪ್ಪು ಆಯಿಲಿನದಲ್ಲ, ಸೀಲ್‌ನದು. ಆದ್ದರಿಂದ ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ನೋಡೋಣ ಅಂದುಕೊಂಡೆವು.

ಡ್ಯಾಶ್‌ಬೋರ್ಡ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಭಾನುವಾರ ಬೆಳಿಗ್ಗೆ ಅಂಗಳದ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಎಷ್ಟು ಆಯಿಲ್ ಸೇರಿಸಿದೆ, ಮೀಟರ್ ಎಷ್ಟು ಅಂತ ಬರೆದೆ. ಎರಡು ತಿಂಗಳಲ್ಲಿ ಲೆಕ್ಕ ಸಿಕ್ಕಿತು: 1,000 ಕಿಲೋಮೀಟರಿಗೆ ಸುಮಾರು ಅರ್ಧ ಲೀಟರ್. ಮೆಕ್ಯಾನಿಕ್ ಅಣ್ಣ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ ನೋಡಿದರು. ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುವ ಗಾಳಿ) ಸ್ವಲ್ಪ ಇತ್ತು, ಬೋರ್ (ಸಿಲಿಂಡರ್ ಗೋಡೆ) ಸವೆದು ಹೋಗಿದೆ ಅನ್ನುವಷ್ಟಲ್ಲ. ಆದರೆ ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸುತ್ತ ಒದ್ದೆ ಇತ್ತು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಒಳಗೆ ಜಿಡ್ಡು ಕಟ್ಟಿತ್ತು. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪ್ಯಾಕಿಂಗ್ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಪ್ಯಾಕಿಂಗ್ ಎರಡನ್ನೂ ಬದಲಿಸಿದರು, ಪೈಪ್ ತೊಳೆದರು. ಕ್ರ್ಯಾಂಕ್ ಸೀಲ್ ಹತ್ತಿರ ಒದ್ದೆ ಇರಲಿಲ್ಲ, ಅದನ್ನು ಮುಟ್ಟಲಿಲ್ಲ.

ಆಮೇಲೆ ತಂದದ್ದು 5ಡಬ್ಲ್ಯೂ-40 ಫುಲ್ ಸಿಂಥೆಟಿಕ್, ಸಿಕೆ-4, ಡೀಸೆಲ್ ಗಾಡಿಗಳಿಗೇ ಮಾಡಿದ್ದು. ಸಾದಾ ಆಯಿಲಿನ ಎರಡರಷ್ಟು ಬೆಲೆ. ಚಳಿಯ ಅಂಕಿ ಮುಖ್ಯ ಅಲ್ಲ ಅಂದ ಮೇಲೆ ಯಾಕೆ ತಂದೆ ಅಂದರೆ, ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಚಕ್ರ) ಕಾರಣಕ್ಕೆ. ಘಾಟಿ ಹತ್ತಿ ನಿಂತಾಗ ಟರ್ಬೊ ಬೇರಿಂಗ್ ವಿಪರೀತ ಕಾದಿರುತ್ತದೆ. ಅಲ್ಲಿ ಉಳಿದ ಮಿನರಲ್ ಆಯಿಲ್ ಸುಟ್ಟು ಕರಕಲಾಗುತ್ತದೆ. ಸಿಂಥೆಟಿಕ್ ಆ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆವಿಯಾಗಿ ಹೋಗುವುದೂ ಕಡಿಮೆ. ಹಾಗಂತ ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಇದನ್ನು ಅಪ್ಪ ಮೊದಲ ದಿನದಿಂದಲೂ ಪಾಲಿಸಿದ್ದರು. ಅದಕ್ಕೇ ಇವತ್ತಿಗೂ ಅದೇ ಟರ್ಬೊ ಓಡುತ್ತಿದೆ ಅಂತ ನಾನು ನಂಬುತ್ತೇನೆ.

ಆಯಿಲ್ ಬದಲಿಸಿದ್ದು ನಾನೇ. ಎಂಜಿನ್ ಬಿಸಿ ಇರುವಾಗಲೇ ಡ್ರೈನ್ ನಟ್ ತೆಗೆದು ಅರ್ಧ ಗಂಟೆ ಬಸಿಯಲು ಬಿಟ್ಟೆ. ತಾಮ್ರದ ವಾಷರ್ ಹೊಸದು, ಫಿಲ್ಟರ್ ಹೊಸದು. ಮ್ಯಾನ್ಯುಯಲ್ ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಎಂಜಿನ್ ಓಡಿಸಿ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಿದೆ. ಖಾಲಿ ಡಬ್ಬಿ ಕತ್ತರಿಸಿ ಹಾಕಿದೆ. ಇಡೀ ಡಬ್ಬಿ ಗುಜರಿಗೆ ಹೋದರೆ ಅದರೊಳಗೆ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.

ಬಸಿದ ಆಯಿಲನ್ನು ಮೊದಲೆಲ್ಲ ಬೇಲಿ ಗೂಟಗಳಿಗೆ ಗೆದ್ದಲು ಬಾರದಿರಲಿ ಅಂತ ಬಳಿಯುತ್ತಿದ್ದೆವು. ಈಗ ಬಿಟ್ಟಿದ್ದೇನೆ. ಮಳೆ ಬಂದರೆ ಅದು ಇಳಿದು ಹಳ್ಳಕ್ಕೇ ಹೋಗುತ್ತದೆ, ಅದೇ ಹಳ್ಳದ ನೀರು ನಮ್ಮ ತೋಟಕ್ಕೆ. ಗ್ಯಾರೇಜಿನ ಡ್ರಮ್‌ಗೆ ಕೊಟ್ಟರೆ ಮರುಬಳಕೆಗೆ ಒಯ್ಯುತ್ತಾರೆ.

ಮೊದಲ ಸಲ 3,000 ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದೆ. ಒಳಗಿನ ಹಳೇ ಜಿಡ್ಡು ಬಿಟ್ಟುಕೊಂಡು ಬರುತ್ತದೆ ಅಂತ. ದುಬಾರಿ ಅನ್ನಿಸಿತು, ಆದರೂ ಮಾಡಿದೆ. ಆಯಿಲ್ ಎರಡೇ ದಿನಕ್ಕೆ ಕಪ್ಪಾದಾಗ ತಲೆ ಕೆಡಿಸಿಕೊಳ್ಳಲಿಲ್ಲ. ಡೀಸೆಲ್ ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ. ಆಮೇಲಿನ ಬದಲಾವಣೆಗಳನ್ನು ಮ್ಯಾನ್ಯುಯಲ್ ಹೇಳಿದ ಕಿಲೋಮೀಟರಿಗೇ ಮಾಡುತ್ತಿದ್ದೇನೆ. ಸಿಂಥೆಟಿಕ್ ಅಂತ ಅವಧಿ ಎಳೆಯುವುದಿಲ್ಲ. ಘಾಟಿ, ಧೂಳು, ಲೋಡ್ ಇರುವ ಗಾಡಿಗೆ ಅದು ಸರಿಯಲ್ಲ.

ನೋಟ್‌ಬುಕ್ ಈಗ ಹೇಳುವುದು 1,000 ಕಿಲೋಮೀಟರಿಗೆ 150ರಿಂದ 200 ಮಿಲಿ. ಈ ಇಳಿಕೆಯಲ್ಲಿ ಹೊಸ ಪ್ಯಾಕಿಂಗ್‌ನ ಪಾಲೇ ಜಾಸ್ತಿ, ಆಯಿಲಿನದು ಆಮೇಲೆ. ಮೈಲೇಜ್‌ನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಘಾಟಿ ಹತ್ತಿದ ಮೇಲೆ ಪ್ರೆಷರ್ ದೀಪ ಮತ್ತೆ ಒಂದು ಸಲವೂ ಮಿಣುಕಿಲ್ಲ.

ಹೋದ ವಾರ ಕಳಸದಿಂದ ಮಾವ ಬಂದಿದ್ದರು. ಅವರ ಜೀಪ್ 500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕೇಳುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. “ನಿನ್ನ ಆಯಿಲೇ ನನಗೂ ತಂದುಕೊಡು ಮಾರಾಯ” ಅಂದರು. “ಬೇಡ ಮಾವ, ಸುಟ್ಟು ಹೋಗುವ ಆಯಿಲ್‌ಗೆ ಅಷ್ಟು ದುಡ್ಡು ಯಾಕೆ? ಮೊದಲು ಪಿಸ್ಟನ್ ರಿಂಗ್ ನೋಡಿಸಿ” ಅಂದೆ. ಸೋಮವಾರ ಗ್ಯಾರೇಜಿಗೆ ಬಿಡುತ್ತಾರೆ. ಹೊಸ ನೋಟ್‌ಬುಕ್ ಒಂದನ್ನು ಅವರ ಜೀಪಿನಲ್ಲೂ ಇಟ್ಟು ಕಳಿಸಿದ್ದೇನೆ.