ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ತಡವರಿಸುತ್ತಿದೆಯೇ? ಸೆನ್ಸರ್ ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ

ಆಕ್ಸಿಲರೇಟರ್ ಒತ್ತುತ್ತೀರಿ. ಕಾರು ಒಂದು ಕ್ಷಣ ಉಸಿರು ಹಿಡಿದು ನಿಂತಂತಾಗುತ್ತದೆ, ಮರುಕ್ಷಣ ಮುಂದಕ್ಕೆ ಜಿಗಿಯುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಬಲಕ್ಕೆ ಸರಿದಾಗ ಹೀಗಾದರೆ ಎದೆ ಝಲ್ಲೆನ್ನುತ್ತದೆ. ಇದು ‘ನಾಳೆ ನೋಡೋಣ’ ಎಂದು ಮುಂದೂಡುವ ದೋಷವಲ್ಲ.

ಪೆಟ್ರೋಲ್ ಚೆನ್ನಾಗಿ ಉರಿಯಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ಹಾಕುವುದು ಎಂಜಿನ್ನಿನ ಕಂಪ್ಯೂಟರ್. ಅದಕ್ಕೆ ತನ್ನದೇ ಕಣ್ಣಿಲ್ಲ. ಎಷ್ಟು ಗಾಳಿ ಬಂತು, ಗಾಳಿಯನ್ನು ಒಳಬಿಡುವ ಥ್ರಾಟಲ್ ಕವಾಟ ಎಷ್ಟು ತೆರೆಯಿತು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಹೇಳಿದಂತೆಯೇ ನಂಬುತ್ತದೆ. ಒಂದು ಸೆನ್ಸರ್ ಗಾಳಿಯನ್ನು ಕಡಿಮೆ ತೋರಿಸಿದರೆ ಪೆಟ್ರೋಲ್ ಕೂಡ ಕಡಿಮೆಯಾಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ.

ಹಾಗೆಂದು ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಯಾವ ಸೆನ್ಸರ್ ಹೆಸರು ಬಂತೋ ಅದನ್ನು ಬದಲಿಸಿಬಿಡುವುದು ಸರಿಯಲ್ಲ. ನನ್ನ ಕಾರಿನಲ್ಲಿ ಆದದ್ದು ಅದೇ. ‘ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ’ ಎಂಬ ಕೋಡ್ ಬಂತೆಂದು ಗ್ಯಾರೇಜಿನಲ್ಲಿ, ಎಂಜಿನ್ ಹೊರಬಿಡುವ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ವಾರ ಕಳೆಯುವುದರೊಳಗೆ ತಡವರಿಕೆ ಮರಳಿತು. ಕೊನೆಗೆ ಸಿಕ್ಕಿದ್ದು ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಬೆರಳುಗುರಿನಷ್ಟು ಉದ್ದದ ಸೀಳು. ಮೇಲಿನಿಂದ ನೋಡಿದರೆ ಕಾಣುತ್ತಿರಲಿಲ್ಲ. ಕೊಳವೆಯನ್ನು ಬಗ್ಗಿಸಿದಾಗ ಬಾಯಿ ತೆರೆಯಿತು. ಆಕ್ಸಿಜನ್ ಸೆನ್ಸರ್ ಅಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ಕೋಡ್ ಎಂಬುದು ದೂರು ಮಾತ್ರ, ವಿಚಾರಣೆ ನಡೆಸಬೇಕಾದವರು ನಾವು.

ಹಂತ 1: ಯಾವಾಗ ತಡವರಿಸುತ್ತದೆ, ಬರೆದಿಡಿ

ಬೆಳಗಿನ ಮೊದಲ ಕೆಲವು ನಿಮಿಷ ಮಾತ್ರವೇ? ಹಾಗಾದರೆ ಅನುಮಾನ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪದ ಸೆನ್ಸರ್ ಮೇಲೆ. ಪೆಡಲ್ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೆಲ್ಲ ಮುಗ್ಗರಿಸಿದರೆ ಥ್ರಾಟಲ್ ಸೆನ್ಸರ್ ಅಥವಾ ಪೆಡಲ್ ಸೆನ್ಸರ್ ಸವೆದಿರಬಹುದು. ಎಂಜಿನ್ ಬಿಸಿಯಾದ ಮೇಲೆ ನಿಂತುಹೋಗಿ, ತಣ್ಣಗಾದ ಬಳಿಕ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ನೋಡಿ. ಏರಿನಲ್ಲಿ, ಪೂರ್ತಿ ಭಾರದಲ್ಲಿ ಮಾತ್ರ ಎಳೆತ ಸಾಲದಿದ್ದರೆ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಕೊಳೆಯಾಗಿರಬಹುದು, ಪೆಟ್ರೋಲ್ ಪಂಪ್ ಸೋತಿರಲೂಬಹುದು.

ಹಂತ 2: ಕೋಡ್ ಓದಿ, ಆದರೆ ಅಳಿಸಬೇಡಿ

ಸ್ಟೀರಿಂಗ್ ಕೆಳಗೆ ಸಾಮಾನ್ಯವಾಗಿ 16 ಪಿನ್‌ಗಳ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿ ಕೋಡ್‌ಗಳನ್ನೂ, ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯನ್ನೂ ಬರೆದುಕೊಳ್ಳಿ. ದೋಷ ದಾಖಲಾದ ಗಳಿಗೆಯಲ್ಲಿ ವೇಗ, ತಾಪ, ಭಾರ ಎಷ್ಟಿತ್ತೆಂದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ಪಿ0102 ಬಂದರೆ ಏರ್ ಫ್ಲೋ ಸೆನ್ಸರ್‌ನ ಸಂಕೇತ ತೀರಾ ಕಡಿಮೆ, ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್‌ನ ಸರ್ಕೀಟಿನಲ್ಲಿ ತೊಂದರೆ, ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥ. ಸರ್ಕೀಟು ಎಂದರೆ ಸೆನ್ಸರ್ ಒಂದೇ ಅಲ್ಲ. ವೈರು, ಕನೆಕ್ಟರ್ ಎಲ್ಲವೂ ಸೇರಿತು. ನಿಧಾನವಾಗಿ ಹಾದಿ ತಪ್ಪುತ್ತಿರುವ ಸೆನ್ಸರ್ ಎಷ್ಟೋ ಸಲ ಯಾವ ಕೋಡನ್ನೂ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಹಂತ 3: ಬಾನೆಟ್ ತೆರೆದು ಕಣ್ಣು, ಕೈ ಬಳಸಿ

ಎಂಜಿನ್ ಆಫ್ ಆಗಿ ತಣ್ಣಗಿರಬೇಕು. ಏರ್ ಫಿಲ್ಟರ್ ನೋಡಿ, ಕೊಳವೆಗಳ ಪ್ರತಿಯೊಂದು ಮಡಿಕೆಯನ್ನೂ ಬಿಡಿಸಿ ನೋಡಿ. ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ: ಹಸಿರು ಕಿಲುಬು, ಎಣ್ಣೆ, ಬಾಗಿದ ಪಿನ್ ಇವೆಯೇ? ಮರಳಿ ಹಾಕುವಾಗ ‘ಕ್ಲಿಕ್’ ಶಬ್ದ ಕೇಳಿಸಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಸುಮಾರಿಗೆ ಇರುತ್ತದೆ. ಬ್ಯಾಟರಿಯೇ ಸೊರಗಿದ್ದರೆ ಮುಂದಿನ ಅಳತೆಗಳನ್ನು ನಂಬುವಂತಿಲ್ಲ.

ಹಂತ 4: ಎಂಜಿನ್ ಓಡುತ್ತಿರುವಾಗಿನ ಅಂಕಿಗಳು

ಇದಕ್ಕೆ ಸಮಯ ಕೊಡಿ, ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸ್ಕ್ಯಾನರ್‌ನಲ್ಲಿ ‘ಫ್ಯುಯೆಲ್ ಟ್ರಿಮ್’ ಎಂಬ ಎರಡು ಅಂಕಿಗಳಿರುತ್ತವೆ, ಒಂದು ತಕ್ಷಣದ್ದು, ಇನ್ನೊಂದು ದೀರ್ಘಾವಧಿಯದ್ದು. ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಗಿ ಬಂತೆಂದು ಕಂಪ್ಯೂಟರ್ ಇಲ್ಲಿ ಒಪ್ಪಿಕೊಳ್ಳುತ್ತದೆ. ಎರಡರ ಮೊತ್ತ ಸೊನ್ನೆಯ ಆಚೀಚೆ ಶೇ 5ರೊಳಗಿದ್ದರೆ ಚಿಂತೆಯಿಲ್ಲ. ಸದಾ ಶೇ 10ಕ್ಕಿಂತ ಮೇಲಿದ್ದರೆ ಎಲ್ಲೋ ಕೊರತೆಯಿದೆ.

ಈಗ ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಪೆಡಲ್ ಒತ್ತದೆ) ಒಮ್ಮೆ, 2,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2,500 ಸುತ್ತು) ಒಮ್ಮೆ ಓದಿ. ಐಡಲ್‌ನಲ್ಲಿ ಹೆಚ್ಚಿದ್ದು ಆರ್‌ಪಿಎಂ ಏರಿದಾಗ ಇಳಿದರೆ, ಲೆಕ್ಕಕ್ಕೆ ಸಿಗದ ಗಾಳಿ ಸೀಳಿನಿಂದ ಒಳನುಗ್ಗುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು, ಭಾರ ಬಿದ್ದಂತೆಲ್ಲ ಹೆಚ್ಚುತ್ತ ಹೋದರೆ ಏರ್ ಫ್ಲೋ ಸೆನ್ಸರ್ ಅಥವಾ ಪೆಟ್ರೋಲ್ ಪೂರೈಕೆಯ ಮೇಲೆ ಕಣ್ಣಿಡಿ. ಇವೆರಡರಲ್ಲಿ ಯಾವುದು ಎಂದು ಹೇಳಲು ಪೆಟ್ರೋಲ್ ಒತ್ತಡವನ್ನು ಗೇಜ್ ಹಾಕಿ ಅಳೆಯಲೇಬೇಕು.

ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟ್ ತಾಪವೂ ಒಳಬರುವ ಗಾಳಿಯ ತಾಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲಂಟ್ ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ವೈರು ಕಡಿದಿದೆ, ಇಲ್ಲವೇ ಕನೆಕ್ಟರ್ ಕಳಚಿದೆ. ಹಳೆಯ ಬಗೆಯ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಏರಿಳಿಯುತ್ತಿರಬೇಕು.

ಹಂತ 5: ಮಲ್ಟಿಮೀಟರ್ ಹಿಡಿಯಿರಿ

ಕೀ ಆನ್, ಎಂಜಿನ್ ಆಫ್. ಥ್ರಾಟಲ್ ಸೆನ್ಸರ್‌ನ ಒಂದು ವೈರಿನಲ್ಲಿ 5 ವೋಲ್ಟ್ ಬರಬೇಕು, ಇನ್ನೊಂದು ಅರ್ತ್, ಮತ್ತೊಂದು ಸಂಕೇತ. ಸಂಕೇತದ ವೈರಿಗೆ ಮೀಟರ್ ಹಿಡಿದು ಪೆಡಲ್ಲನ್ನು ತೀರಾ ನಿಧಾನವಾಗಿ ಒತ್ತಿಸಿ. ಬಹಳಷ್ಟು ಕಾರುಗಳಲ್ಲಿ ವೋಲ್ಟೇಜ್ 0.5ರ ಸುಮಾರಿನಿಂದ 4.5ರವರೆಗೆ ಎಲ್ಲೂ ತಡೆಯಿಲ್ಲದೆ ಏರುತ್ತದೆ. ನಡುವೆ ಒಮ್ಮೆ ಸೊನ್ನೆಯತ್ತ ಕುಸಿದು ಮತ್ತೆ ಎದ್ದರೆ ನಿಮ್ಮ ತಡವರಿಕೆ ಸಿಕ್ಕಿತು. ಈ ಕುಸಿತ ಹಿಡಿಯಲು ಮುಳ್ಳಿನ ಮೀಟರ್ ಉತ್ತಮ. ಡಿಜಿಟಲ್ ಮೀಟರ್ ಅಂಕಿ ಬದಲಿಸುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ. ಹೊಸ ಕಾರುಗಳಲ್ಲಿ ಎರಡು ಸಂಕೇತಗಳಿರುತ್ತವೆ, ಒಂದು ಏರುವಾಗ ಇನ್ನೊಂದು ಇಳಿಯುವುದೂ ಉಂಟು. ಮೋಟಾರಿನಿಂದ ತೆರೆಯುವ ಥ್ರಾಟಲ್‌ಗೆ ಕೀ ಆನ್ ಇದ್ದಾಗ ಬೆರಳು ಹಾಕಲೇಬೇಡಿ, ಅದು ಹಠಾತ್ತನೆ ಮುಚ್ಚಿಕೊಳ್ಳಬಹುದು.

5 ವೋಲ್ಟೇ ಬರದಿದ್ದರೆ ಆ ಸೆನ್ಸರನ್ನು ದೂರಬೇಡಿ. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ತಂತಿಯನ್ನು ಹಂಚಿಕೊಳ್ಳುತ್ತವೆ. ಒಂದು ಶಾರ್ಟ್ ಆದರೆ ಉಳಿದವೂ ಕುಸಿಯುತ್ತವೆ. ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ತಪ್ಪಿತಸ್ಥ ಅದೇ. ಬಳಿಕ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರವಿಟ್ಟು, ವೈರುಗಳನ್ನು ಮೆಲ್ಲಗೆ ಅಲ್ಲಾಡಿಸಿ. ಎಂಜಿನ್ ಸದ್ದು ಬದಲಾದ ಜಾಗದಲ್ಲೇ ಒಳಗೆ ತಂತಿ ಮುರಿದಿರಬಹುದು.

ಹಂತ 6: ಬದಲಿಸುವ ಮೊದಲು ತೊಳೆಯಿರಿ

ಏರ್ ಫ್ಲೋ ಸೆನ್ಸರ್‌ನೊಳಗೆ ಕೂದಲೆಳೆಯಂಥ ಬಿಸಿ ತಂತಿ ಅಥವಾ ತೆಳು ಪದರ ಇರುತ್ತದೆ. ಧೂಳು, ಎಣ್ಣೆ ಅಂಟಿದರೆ ಅದು ಗಾಳಿಯನ್ನು ತಪ್ಪಾಗಿ ಅಳೆಯುತ್ತದೆ. ಎಂಜಿನ್ ತಣ್ಣಗಿರುವಾಗ ಬಿಚ್ಚಿ, ಅದಕ್ಕೆಂದೇ ಮಾಡಿದ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬಟ್ಟೆ, ಬೆರಳು, ಕಾರ್ಬ್ಯುರೇಟರ್ ಸ್ಪ್ರೇ ಯಾವುದೂ ಬೇಡ.

ಇಷ್ಟಾದರೂ ಎಲ್ಲ ಸೆನ್ಸರ್‌ಗಳು ಸರಿಯಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿ. ಎಂಜಿನ್ ದೀಪ ಮಿನುಗತೊಡಗಿದರಂತೂ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡಬಹುದು.

ರಿಪೇರಿ ಮುಗಿದ ಮೇಲೆ ಮಾತ್ರ ಕೋಡ್ ಅಳಿಸಿ. ಹಂತ 1ರಲ್ಲಿ ಬರೆದಿಟ್ಟ ಹಾಳೆ ತೆಗೆದು, ಅದೇ ಏರು, ಅದೇ ಗೇರ್, ಅಷ್ಟೇ ಬಿಸಿಯಲ್ಲಿ ಓಡಿಸಿ ನೋಡಿ. ಕೆಲವು ದಿನ ಬಿಟ್ಟು ಫ್ಯುಯೆಲ್ ಟ್ರಿಮ್ ಮತ್ತೊಮ್ಮೆ ಓದಿ, ಹಳೆಯ ಅಂಕಿಯ ಪಕ್ಕದಲ್ಲೇ ಬರೆಯಿರಿ.