ದ ಯಾವುದು, ಧ ಯಾವುದು: ನನ್ನ ಇ-ರೀಡರ್ ಅನುಭವ

ಬದಿಯಡ್ಕದಿಂದ ಕಾಸರಗೋಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಹೊತ್ತೇ ನನ್ನ ಓದಿನ ಹೊತ್ತು. ಮೊದಲೆಲ್ಲ ಫೋನಿನಲ್ಲಿ ಓದುತ್ತಿದ್ದೆ. ಎರಡು ಪುಟ ಓದುವಷ್ಟರಲ್ಲಿ ವಾಟ್ಸಾಪ್ ಮೆಸೇಜು ಬರುತ್ತಿತ್ತು. ಕಿಟಕಿ ಪಕ್ಕ ಕೂತರೆ ಬಿಸಿಲಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಚಾರ್ಜು ಉಳಿಸಬೇಕಲ್ಲ, ಓದು ನಿಂತೇ ಹೋಗುತ್ತಿತ್ತು. ಅದಕ್ಕೇ ಪುಸ್ತಕ ಓದಲೆಂದೇ ಇರುವ 6 ಇಂಚಿನ ಇ-ರೀಡರ್ ತೆಗೆದುಕೊಂಡೆ. ಅದರ ಇ-ಇಂಕ್ ಪರದೆ ಕಾಗದದ ಹಾಗೆ ಹೊರಗಿನ ಬೆಳಕಿನಲ್ಲೇ ಕಾಣುತ್ತದೆ. ಒಮ್ಮೆ ಮೂಡಿದ ಪುಟ ನಿಲ್ಲಲು ಬ್ಯಾಟರಿ ಬೇಡ. ಹಾಗಾಗಿ ಚಾರ್ಜು ವಾರಗಟ್ಟಲೆ ಬರುತ್ತದೆ.

ಬೇಜಾರಾದದ್ದು ಕನ್ನಡದ ವಿಷಯದಲ್ಲಿ. ಆ ರೀಡರಿನ ಆನ್‌ಲೈನ್ ಅಂಗಡಿಯಲ್ಲಿ ಹಿಂದಿ, ತಮಿಳು, ಮಲಯಾಳ ಎಲ್ಲ ಇತ್ತು. ಕನ್ನಡದ ವಿಭಾಗ ಇರಲಿಲ್ಲ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿದ್ದುಕೊಂಡು ಕನ್ನಡ ಓದುವ ನಮಗೆ ಇದು ಸ್ವಲ್ಪ ಜಾಸ್ತಿಯೇ ನೋಯುತ್ತದೆ, ಅಲ್ವಾ? ಬೇಕಾದ ಪುಸ್ತಕವನ್ನು ನಾನೇ ತುಂಬಿಸಿಕೊಳ್ಳಬೇಕಾಯಿತು.

ಮೊದಲು ಹುಡುಕಿದ್ದು ಮಂಜೇಶ್ವರದ ಗೋವಿಂದ ಪೈಗಳ ಬರಹ. ಅವರು ತೀರಿಕೊಂಡದ್ದು 1963ರಲ್ಲಿ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ಮೇಲೆ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಅವರು ಬದುಕಿದ್ದಾಗ ಅಚ್ಚಾದದ್ದು 2024ರಿಂದ ಎಲ್ಲರದ್ದೂ. ಆರ್ಕೈವ್ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳು, ಅಂದರೆ ಪುಟಗಳ ಚಿತ್ರಗಳು, ಬೇಕಾದಷ್ಟಿವೆ. ಅಂಥದ್ದೊಂದನ್ನು ಇಳಿಸಿ ರೀಡರಿಗೆ ಹಾಕಿದೆ. ಒತ್ತಕ್ಷರವೆಲ್ಲ ಮಸಿಯ ಚುಕ್ಕೆ! ದ ಯಾವುದು, ಧ ಯಾವುದು ಗೊತ್ತಾಗಲಿಲ್ಲ. ಫೋನಿನಲ್ಲಾದರೆ ಬೆರಳಿನಲ್ಲಿ ಹಿಗ್ಗಿಸಬಹುದು, ಆದರೆ ಪ್ರತಿ ಸಾಲಿಗೂ ಆಚೆ ಈಚೆ ಎಳೆಯಬೇಕು.

ಒಂದು ಭಾನುವಾರ ಸ್ಕೇಲು ಹಿಡಿದು ಅಳೆದೆ. ಮನೆಯಲ್ಲಿದ್ದ ಹಳೆಯ ಪುಸ್ತಕದ ಪುಟ ಸುಮಾರು 12.5 ಸೆಂ.ಮೀ. ಅಗಲ. ರೀಡರಿನ ಪರದೆ 9 ಸೆಂ.ಮೀ. ಅಕ್ಷರ ಚಿಕ್ಕದಾಗದೆ ಇನ್ನೇನು? ಆದರೆ ಪುಟದಲ್ಲಿ ಅಚ್ಚಾದ ಭಾಗ ಒಂಬತ್ತೂವರೆ ಮಾತ್ರ, ಉಳಿದದ್ದು ಅಂಚು. ಪರದೆಯನ್ನು ಅಡ್ಡ ಹಿಡಿದರೆ 12 ಸೆಂ.ಮೀ. ಸಿಗುತ್ತದೆ. ಅಂದರೆ ಅಂಚು ಕತ್ತರಿಸಿ ಅಡ್ಡ ಹಿಡಿದರೆ ಅಕ್ಷರ ಮೂಲ ಪುಸ್ತಕಕ್ಕಿಂತಲೂ ದೊಡ್ಡದು. ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಈ ಕತ್ತರಿಸುವ ಕೆಲಸ ಮಾಡುತ್ತದೆ. ಒಂದು ಪುಟವನ್ನು ಎರಡು ಮೂರು ಸಲ ಸರಿಸಿ ಓದಬೇಕು, ಅಷ್ಟೇ. ದ ದ-ದಂತೆ, ಧ ಧ-ದಂತೆ ಕಂಡಾಗ ಆದ ಖುಷಿ ಸಣ್ಣದಲ್ಲ.

ಪುಟದ ಚಿತ್ರದ ಬದಲು ಯೂನಿಕೋಡ್ ಪಠ್ಯ, ಅಂದರೆ ಟೈಪ್ ಮಾಡಿದ ಅಕ್ಷರವೇ ಸಿಕ್ಕರೆ ಇನ್ನೂ ಸುಲಭ. ಕನ್ನಡ ವಿಕಿಸೋರ್ಸ್ ಎಂಬ ಉಚಿತ ಪುಸ್ತಕಗಳ ಜಾಲತಾಣದಿಂದ ಇಪಬ್ ಎಂಬ ಇ-ಪುಸ್ತಕದ ಕಡತ ಇಳಿಸಿಕೊಳ್ಳುತ್ತೇನೆ. ಅಕ್ಷರದ ಬದಲು ಚೌಕ ಬಂದರೆ ಇ-ಪುಸ್ತಕ ತಿದ್ದುವ ಕ್ಯಾಲಿಬರ್ ತಂತ್ರಾಂಶದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟನ್ನು ಪುಸ್ತಕದ ಒಳಗೇ ಸೇರಿಸುತ್ತೇನೆ. ಮೋಬಿ ಎಂಬ ಹಳೆಯ ಇ-ಪುಸ್ತಕ ರೂಪಕ್ಕೆ ಮಾತ್ರ ಬದಲಿಸಬೇಡಿ, ಅದರಲ್ಲಿ ಫಾಂಟು ಉಳಿಯುವುದಿಲ್ಲ.

ಪತ್ರಿಕೆ, ನಿಘಂಟು, ಬಣ್ಣದ ಚಿತ್ರ ಇದ್ದದ್ದು ಈಗಲೂ ಫೋನಿನಲ್ಲೇ. ಅದಕ್ಕೆ ರೀಡರ್ ತುಂಬಾ ನಿಧಾನ.

ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿತ್ತು. ಅಮ್ಮ ರೀಡರ್ ತೆಗೆದುಕೊಂಡು ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಸಿಕೊಂಡರು. ಅದರ ಸಣ್ಣ ದೀಪದ ಬೆಳಕಿನಲ್ಲಿ ಗಂಟೆಗಟ್ಟಲೆ ಓದಿದರು. "ಇದರಲ್ಲಿ ಕಣ್ಣು ಉರಿಯುವುದಿಲ್ಲ ಮಗಾ" ಅಂದರು. ಈಗ ಪ್ರತಿ ಶನಿವಾರ ರಾತ್ರಿ ಅವರಿಗೊಂದು ಪುಸ್ತಕದ ಅಂಚು ಕತ್ತರಿಸಿ ಹಾಕಿಕೊಡುತ್ತೇನೆ.